ನನ್ನಿಂದ ರೋಗ ಹರಡಿತೇ? ದಿಯತ್ ಕೊಡಬೇಕೇ?

ಪ್ರಶ್ನೆ: ಜ್ವರ, ಕೆಮ್ಮು ಇದ್ದರೂ ಜುಮಾ (ಶುಕ್ರವಾರದ ಸಾಮೂಹಿಕ ನಮಾಝ್) ತಪ್ಪಿಸಬಾರದೆಂದು ಮಸೀದಿಗೆ ಹೋದೆ. ಬರೀ ನೆಗಡಿ ಅಂದುಕೊಂಡಿದ್ದೆ. ಎರಡು ದಿನದ ಬಳಿಕ ಪರೀಕ್ಷೆಯಲ್ಲಿ ಕೋವಿಡ್ ಎಂದು ಗೊತ್ತಾಯಿತು. ಅಂದು ನನ್ನ ಪಕ್ಕದಲ್ಲಿ ನಿಂತಿದ್ದ ಹಿರಿಯರು ಅದೇ ರೋಗದಿಂದ ತೀರಿಕೊಂಡರು. ‘ಎಲ್ಲ ಅಲ್ಲಾಹನ ವಿಧಿ, ನಿನ್ನದೇನೂ ತಪ್ಪಿಲ್ಲ’ ಎನ್ನುತ್ತಾರೆ ಮನೆಯವರು. ನಾನು ಕೊಲೆ ಮಾಡಿದಂತಾಯಿತೇ? ದಿಯತ್ (ರಕ್ತಪರಿಹಾರ) ಕೊಡಬೇಕೇ?

ಉತ್ತರ: ಕೊಲೆಯಲ್ಲ. ನೀವು ಬರೆದಿರುವಷ್ಟರಿಂದ ದಿಯತ್ ಕೂಡ ಬೀಳುವುದಿಲ್ಲ. ಆದರೆ ಅದಕ್ಕೆ ಮನೆಯವರು ಹೇಳುವ ಕಾರಣ ಸರಿಯಲ್ಲ. ಕೊಲೆಯಾದವನೂ ತನ್ನ ಆಯುಸ್ಸು ಮುಗಿದೇ ಸಾಯುತ್ತಾನೆ. ಹಾಗೆಂದು ಕೊಂದವನನ್ನು ಯಾವ ಖಾಜಿಯೂ ಬಿಟ್ಟು ಕಳಿಸಿಲ್ಲ. ಕ್ರಿ.ಶ. 639ರ ಸುಮಾರಿಗೆ ಶಾಮ್ (ಸಿರಿಯಾ ಪ್ರದೇಶ) ಕಡೆ ಹೊರಟಿದ್ದ ಖಲೀಫ ಉಮರ್(ರ) ಅವರಿಗೆ ಸರ್ಗ್ ಎಂಬಲ್ಲಿ ಪ್ಲೇಗಿನ ಸುದ್ದಿ ತಲುಪಿತು. ಅವರು ಹಿಂದಿರುಗಲು ತೀರ್ಮಾನಿಸಿದಾಗ ಅಲ್ಲಿನ ಸೇನಾಪತಿ ಅಬೂ ಉಬೈದಾ(ರ), ‘ಅಲ್ಲಾಹನ ವಿಧಿಯಿಂದ ಓಡುವುದೇ?’ ಎಂದು ಕೇಳಿದರು. ‘ಹೌದು, ಅಲ್ಲಾಹನ ವಿಧಿಯಿಂದ ಅಲ್ಲಾಹನ ವಿಧಿಯ ಕಡೆಗೇ’ ಎಂದರು ಉಮರ್. ಪ್ಲೇಗ್ ಇರುವ ಊರಿಗೆ ಹೋಗಬೇಡಿ, ನೀವಿರುವಲ್ಲಿ ಅದು ಬಂದರೆ ಅಲ್ಲಿಂದ ಓಡಬೇಡಿ ಎಂಬ ಹದೀಸನ್ನು (ಪ್ರವಾದಿ ವಚನವನ್ನು) ಪ್ರವಾದಿಯ ಸಂಗಾತಿ ಅಬ್ದುರ್ರಹ್ಮಾನ್ ಬಿನ್ ಔಫ್(ರ) ತಿಳಿಸಿದ್ದು ಅದೇ ಸಂದರ್ಭದಲ್ಲಿ.

ಇನ್ನು ಕಾನೂನು. ಫಿಕ್ಹ್‌ನಲ್ಲಿ (ಇಸ್ಲಾಮೀ ಕಾನೂನು ಶಾಸ್ತ್ರದಲ್ಲಿ) ಕೈಯಾರೆ ಹಾನಿ ಮಾಡಿದವನು ಬೇರೆ, ಹಾನಿಗೆ ದಾರಿ ಮಾಡಿಕೊಟ್ಟವನು ಬೇರೆ. ಮೊದಲನೆಯವನು ಉದ್ದೇಶವಿಲ್ಲದಿದ್ದರೂ ನಷ್ಟ ತುಂಬಬೇಕು. ಎರಡನೆಯವನ ಮೇಲೆ ಹೊಣೆ ಬರುವುದು ಅವನು ಮಿತಿ ಮೀರಿದ್ದರೆ ಮಾತ್ರ. ಹಳೆಯ ಫಕೀಹರು (ಫಿಕ್ಹ್ ಪಂಡಿತರು) ಕೊಡುವ ಉದಾಹರಣೆ ಬಾವಿಯದು: ಅನುಮತಿಯಿಲ್ಲದೆ ಸಾರ್ವಜನಿಕ ದಾರಿಯಲ್ಲಿ ಬಾವಿ ತೋಡಿ, ಅದರಲ್ಲಿ ಯಾರಾದರೂ ಬಿದ್ದು ಸತ್ತರೆ ತೋಡಿದವನೇ ಹೊಣೆ, ತನ್ನದೇ ಜಮೀನಿನಲ್ಲಿ ತೋಡಿದ್ದರೆ ಅಲ್ಲ. 1869ರಿಂದ 1876ರ ನಡುವೆ ಹೊರಬಂದ ಉಸ್ಮಾನೀ (ಒಟ್ಟೋಮನ್ ತುರ್ಕಿ) ಕಾನೂನು ಸಂಹಿತೆ ‘ಮಜಲ್ಲಾ’ದ 92 ಮತ್ತು 93ನೇ ಕಲಮುಗಳು ಹೇಳುವುದೂ ಇದನ್ನೇ. ರೋಗ ದಾಟಿಸಿದವನು ಎರಡನೆಯ ಸಾಲಿನವನು. ನಿಮಗೆ ಕಾಯಿಲೆ ಏನೆಂದೇ ಗೊತ್ತಿರಲಿಲ್ಲ. ಜೊತೆಗೆ, ಆ ಹಿರಿಯರಿಗೆ ಸೋಂಕು ತಗುಲಿದ್ದು ನಿಮ್ಮಿಂದಲೇ ಎಂದು ಹೇಳುವವರು ಯಾರು? ಬರೀ ಸಂಶಯದ ಮೇಲೆ ಯಾರ ತಲೆಗೂ ದಿಯತ್ ಕಟ್ಟಲಾಗದು.

ಗೊತ್ತಿದ್ದೂ ಹೋಗಿದ್ದರೆ ಉತ್ತರ ಬದಲಾಗುತ್ತಿತ್ತು. ಅದು ಹರಾಮ್ (ನಿಷಿದ್ಧ), ಆಡಳಿತ ತಅಝೀರ್ (ತನ್ನ ವಿವೇಚನೆಯಂತೆ ನಿಗದಿಪಡಿಸುವ) ಶಿಕ್ಷೆ ಕೊಡಬಹುದು, ಸೋಂಕಿನ ಮೂಲ ಸಾಬೀತಾದರೆ ದಿಯತ್ ಕೂಡ. ಕಫ್ಫಾರದ (ಪ್ರಾಯಶ್ಚಿತ್ತದ) ವಿಷಯದಲ್ಲಿ ಮದ್‌ಹಬ್‌ಗಳು (ಫಿಕ್ಹ್ ಪಂಥಗಳು) ಒಮ್ಮತದಲ್ಲಿಲ್ಲ: ಪರೋಕ್ಷ ಕಾರಣಕ್ಕೆ ಶಾಫಿಈಗಳು ಅದನ್ನು ವಿಧಿಸುತ್ತಾರೆ, ಹನಫಿಗಳು ವಿಧಿಸುವುದಿಲ್ಲ. ಬೇಕೆಂದೇ ಹರಡಿದವನ ಗತಿ ಇನ್ನೂ ಕಠಿಣ. 1995ರಲ್ಲಿ ಅಬುಧಾಬಿಯಲ್ಲಿ ಸೇರಿದ ಅಂತರರಾಷ್ಟ್ರೀಯ ಇಸ್ಲಾಮೀ ಫಿಕ್ಹ್ ಅಕಾಡೆಮಿ, ಏಡ್ಸ್ ಸೋಂಕನ್ನು ಉದ್ದೇಶಪೂರ್ವಕ ದಾಟಿಸುವುದು ಮಹಾಪಾಪ, ಶಿಕ್ಷಾರ್ಹ ಎಂದಿತು. ಸಮಾಜದಲ್ಲೇ ಹರಡುವ ಉದ್ದೇಶವಿದ್ದರೆ ಅದನ್ನು ಹಿರಾಬಾ (ದಾರಿ ದರೋಡೆ, ಸಮಾಜದಲ್ಲಿ ಭಯ ಹುಟ್ಟಿಸುವಂಥ ಘೋರ ಅಪರಾಧ) ಸಾಲಿಗೆ ಸೇರಿಸಿತು.

ಆದರೂ ಕೆಮ್ಮುತ್ತಾ ಸಾಲಿನಲ್ಲಿ ನಿಂತದ್ದು ನನಗೆ ಒಪ್ಪಿಗೆಯಿಲ್ಲ. ಕಾಯಿಲೆಯವನಿಗೆ ಜುಮಾದಿಂದ ವಿನಾಯಿತಿ ಇದೆ, ಮನೆಯಲ್ಲೇ ಝುಹ್ರ್ (ಮಧ್ಯಾಹ್ನದ ನಮಾಝ್) ಮಾಡಿದರೆ ಸಾಕು. ಹಸಿ ಬೆಳ್ಳುಳ್ಳಿ ತಿಂದವರು ವಾಸನೆಯಿಂದ ತೊಂದರೆ ಕೊಡಬಾರದು, ಮಸೀದಿಗೆ ಬರುವುದು ಬೇಡ ಎಂದಿದ್ದಾರೆ ಪ್ರವಾದಿ(ಸ). ವಾಸನೆಗೇ ಇಷ್ಟು ಕಟ್ಟುನಿಟ್ಟು! ಕಅಬಾದ ಸುತ್ತ ತವಾಫ್ ಮಾಡುತ್ತಿದ್ದ ಕುಷ್ಠ ರೋಗಿಣಿಗೆ, ಜನರಿಗೆ ತೊಂದರೆ ಕೊಡಬೇಡಮ್ಮ, ಮನೆಯಲ್ಲೇ ಇರಬಾರದೇ ಎಂದು ಉಮರ್ ಹೇಳಿದ್ದರು. ಆಕೆ ಹಾಗೆಯೇ ಮಾಡಿದಳು, ಅವರು ತೀರಿಕೊಂಡ ಮೇಲೂ ಮಾತು ಮೀರಲಿಲ್ಲ. ನಿಮ್ಮ ಅಜಾಗ್ರತೆಗೆ ಇಸ್ತಿಗ್ಫಾರ್ (ಅಲ್ಲಾಹನಲ್ಲಿ ಕ್ಷಮೆಯಾಚನೆ) ಮಾಡಿ, ಮೃತರಿಗಾಗಿ ದುಆ ಮಾಡಿ.

ಪತ್ರದಲ್ಲಿ ನೀವು ಬಿಟ್ಟಿರುವ ಒಂದು ಸಂಗತಿ ನನ್ನನ್ನು ಹೆಚ್ಚು ಕಾಡುತ್ತಿದೆ. ಪರೀಕ್ಷೆಯ ಫಲಿತಾಂಶ ಕೈಗೆ ಬಂದ ದಿನ ಮಸೀದಿಯವರಿಗೆ, ಅಕ್ಕಪಕ್ಕ ನಿಂತಿದ್ದವರಿಗೆ ತಿಳಿಸಿದಿರಾ? ತಿಳಿಸಿದ್ದರೆ ನಿಮ್ಮ ಕೆಲಸ ಮುಗಿಯಿತು. ನಾಚಿಕೆಗೋ ಭಯಕ್ಕೋ ಮುಚ್ಚಿಟ್ಟಿದ್ದರೆ ನಿಜವಾದ ತೌಬಾ (ಪಶ್ಚಾತ್ತಾಪ) ಬೇಕಿರುವುದು ಅದಕ್ಕೆ. ಅಂದು ಜೊತೆಗಿದ್ದವರಲ್ಲಿ ಇನ್ನೂ ಯಾರಿಗಾದರೂ ತಿಳಿಯಬೇಕಾಗಿದ್ದರೆ ಇವತ್ತೇ ಹೇಳಿ.