ಮಗನ ಹತ್ರ ಗಾಡಿ ಕಲೀಬೇಡಿ ಅಕ್ಕಾ

"ನನಗೆ 48. ತವರು ಗದಗ, ಮದ್ವೆ ಆದಾಗ್ಲಿಂದ ಪುಣೆ, ಕೋಥ್ರೂಡ್‌ನಲ್ಲಿದ್ದೀವಿ. ಹೋದ ತಿಂಗಳಿಂದ ಸ್ಕೂಟರ್ ಕಲೀತಿದ್ದೀನಿ. ಮಗ ಹಿಂದೆ ಕೂತು ಕಲಿಸ್ತಾನೆ, ಆದ್ರೆ ವಿಪರೀತ ಕೂಗಾಡ್ತಾನೆ. ಮೊನ್ನೆ ಸೊಸೈಟಿ ಪಾರ್ಕಿಂಗಲ್ಲಿ ಬಿದ್ದೆ, ಪಕ್ಕದ ಮನೆಯವ್ರ ಕಾರಿಗೆ ಗೀಚು ಬಿತ್ತು. 'ಈ ವಯಸ್ಸಲ್ಲಿ ಯಾಕೆ ಬೇಕಿತ್ತು, ರಿಕ್ಷಾ ಇಲ್ವಾ' ಅಂತಾರೆ ಯಜಮಾನ್ರು. ಬಿಟ್ಬಿಡ್ಲಾ?"
- ಹೆಸರು ಬೇಡ, ಪುಣೆ

ಬಿಡೋದಿದ್ರೆ ಮಗನ ಕ್ಲಾಸ್ ಬಿಡಿ ಅಕ್ಕಾ, ಗಾಡಿ ಬಿಡ್ಬೇಡಿ.

ನೀವು ಬಿದ್ದಿದ್ದು ವಯಸ್ಸಿಗಲ್ಲ. ಹೊಸಬ್ರಿಗೆ ಗಾಬರಿ ಆದ್ರೆ ಎರಡೂ ಕೈ ಹ್ಯಾಂಡಲ್ ಗಟ್ಟಿ ಹಿಡ್ಕೊಳುತ್ತೆ, ಬಲಗೈಯಲ್ಲಿರೋದು ಆಕ್ಸಿಲರೇಟರ್, ಹಿಡಿದ ರಭಸಕ್ಕೆ ಅದು ತಿರುಗುತ್ತೆ, ನಿಲ್ಲಿಸ್ಬೇಕು ಅಂದ್ಕೊಂಡ ಗಾಡಿ ಮುಂದಕ್ಕೆ ಹಾರುತ್ತೆ, ಅಷ್ಟ್ರಲ್ಲಿ ಹಿಂದಿಂದ "ಬ್ರೇಕ್ ಬ್ರೇಕ್" ಅಂತ ಕಿರುಚಿದ್ರೆ ಕೈ ಇನ್ನೂ ಬಿಗಿ ಆಗುತ್ತೆ. ಅಂದ್ರೆ ನಿಮ್ಮನ್ನ ಬೀಳಿಸಿದ್ರಲ್ಲಿ ಆ ಕೂಗಿನ ಪಾಲೂ ಇದೆ. ಪಾಪ ಅವನಿಗೂ ಭಯಾನೇ ಇರ್ಬೇಕು, ಆದ್ರೆ ಮನೆಯವ್ರ ಮುಂದೆ ತಪ್ಪು ಮಾಡೋದು ಕಷ್ಟ, ಮನೆಗೆ ಬಂದು ಅದನ್ನೇ ಊಟದ ಹೊತ್ತಲ್ಲೂ ಕೇಳ್ಬೇಕಲ್ವಾ. ಪುಣೆಯಲ್ಲಿ ಹೆಂಗಸ್ರಿಗೇ ಗಾಡಿ ಕಲಿಸೋ ಹೆಂಗಸ್ರಿದ್ದಾರೆ, ವಿಚಾರ್ಸಿ, ಫೀಸ್ ಕೊಟ್ಟು ಕಲೀರಿ. ಫೀಸ್ ತಗೊಂಡವ್ರು ಅಷ್ಟು ಸುಲಭಕ್ಕೆ ಬೈಯಲ್ಲ.

ಪಾರ್ಕಿಂಗ್ ಅಂತೂ ಬೇಡ್ವೇ ಬೇಡ. ಕಂಬ, ಕಾರು, ಇಳಿಜಾರು, ನೋಡೋಕೆ ನಿಂತ ವಾಚ್‌ಮನ್. ಭಾನುವಾರ ಬೆಳಗ್ಗೆ ಖಾಲಿ ಮೈದಾನ ಹುಡುಕ್ಕೊಳ್ಳಿ. ಮೊದಲು ಇಂಜಿನ್ ಆಫ್ ಇರ್ಲಿ, ಸೀಟ್ ಮೇಲೆ ಕೂತು ಎರಡೂ ಕಾಲಲ್ಲಿ ನೆಲ ತಳ್ತಾ ಹೋಗಿ, ನಡುವೆ ಬ್ರೇಕ್ ಒತ್ತಿ ನಿಲ್ಲಿಸಿ, ಇದು ಬೋರ್ ಅನ್ಸೋವರ್ಗೂ ಮಾಡಿ. ನೂರು ಕೆಜಿ ಆಸುಪಾಸಿನ ಗಾಡಿ ಯಾವ ಕಡೆ ವಾಲುತ್ತೆ ಅಂತ ಮೈಗೆ ಗೊತ್ತಾಗೋದು ಇಲ್ಲೇ. ಆಮೇಲೆ ಸ್ಟಾರ್ಟ್ ಮಾಡಿ. ಕಣ್ಣು ಮುಂದಿನ ಚಕ್ರದ ಮೇಲಲ್ಲ, ದೂರ ಇರ್ಲಿ. ಗಾಬರಿ ಆದಾಗ ಬಲಗೈ ಸಡಿಲ, ಎಡಗೈ ಬ್ರೇಕ್, ಅಷ್ಟೇ ನೆನಪಿಟ್ಕೊಳ್ಳಿ. 2019ರ ನಂತ್ರ ಬಂದ 125 ಸಿಸಿ ಒಳಗಿನ ಸ್ಕೂಟರ್‌ಗಳಲ್ಲಿ ಸಾಮಾನ್ಯವಾಗಿ ಎಡಗೈ ಲಿವರ್ ಒತ್ತಿದ್ರೆ ಎರಡೂ ಚಕ್ರಕ್ಕೆ ಬ್ರೇಕ್ ಬೀಳುತ್ತೆ.

ಲರ್ನಿಂಗ್ ಲೈಸೆನ್ಸ್ ಮಾಡ್ಸಿದ್ದೀರಾ? ನೀವು ಬರ್ದಿಲ್ಲ. ಇಲ್ದೆ ರಸ್ತೆಗೆ ಇಳೀಬೇಡಿ. ಅದು 6 ತಿಂಗಳು ನಡೆಯುತ್ತೆ, 30 ದಿನ ಆದ್ಮೇಲೆ ಪಕ್ಕಾ ಲೈಸೆನ್ಸಿನ ಟೆಸ್ಟ್ ಕೊಡ್ಬಹುದು, ಹಾಗಾಗಿ ಅವಸರ ಬೇಡ. ಗಾಡಿ ಮೇಲೆ ಕೆಂಪು ಎಲ್ ಹಾಕೋಕೆ ನಾಚಿಕೆ ಪಡ್ಬೇಡಿ, ಹಿಂದಿನವ್ರು ಸ್ವಲ್ಪ ದೂರ ಇರ್ತಾರೆ. ಕರ್ವೆ ರೋಡ್ ಸಂಜೆ ಟ್ರಾಫಿಕ್ ಸದ್ಯಕ್ಕೆ ಮರ್ತುಬಿಡಿ.

ಯಜಮಾನ್ರ ಹತ್ರ ವಾದ ಮಾಡೋಕೆ ಹೋಗ್ಬೇಡಿ. ಮಧ್ಯಾಹ್ನದ ಬಿಸಿಲಲ್ಲಿ "ಅಲ್ಲಿಗೆ ಬರಲ್ಲ" ಅನ್ನೋ ರಿಕ್ಷಾದವ್ರನ್ನ ಬೇಡ್ಕೊಂಡು ನಿಲ್ಲೋದು ಅವ್ರಲ್ಲ, ನೀವು.

ಇನ್ನು ಕಾರಿನ ಗೀಚು. ಮಗನ್ನ ಕಳಿಸ್ಬೇಡಿ, ನೀವೇ ಹೋಗಿ, ಪಾಲಿಶ್‌ಗೆ ಎಷ್ಟಾಯ್ತು ಅಂತ ಕೇಳಿ ಕೊಟ್ಬಿಡಿ. ಇವತ್ತೇ ಹೋಗಿ.