ಕೆಲಸ ಬಿಡುವ ಹಾಗಿಲ್ಲ, ಖಿನ್ನತೆ ಬಿಡುತ್ತಿಲ್ಲ. ಏನು ಮಾಡಲಿ?

ಆಫೀಸಿನ ಒತ್ತಡ ತಡೆಯಲಾಗುತ್ತಿಲ್ಲ, ಸಂಬಳವೂ ಬೇಕು, ಹೇಗೆ ನಿಭಾಯಿಸಲಿ ಅಂತ ಕೇಳಿದ್ದೀರಿ. ನಿಮ್ಮ ಕಷ್ಟ ಅರ್ಥವಾಗುತ್ತದೆ.

ಸುಸ್ತು ಬೇರೆ, ಖಿನ್ನತೆ ಬೇರೆ. ಕೆಲಸದಿಂದ ಬರುವ ಬಳಲಿಕೆಯನ್ನು, ಅಂದರೆ ಬರ್ನ್‌ಔಟ್ ಅನ್ನು, ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಕಾಯಿಲೆ ಅಲ್ಲ ಎಂದೇ ಹೇಳಿತು. ಖಿನ್ನತೆ ಮಾತ್ರ ಕಾಯಿಲೆ. ಅದು ರಜೆಯ ದಿನವೂ ಜೊತೆಗೇ ಇರುತ್ತದೆ. ಯಾವುದರಲ್ಲೂ ಆಸಕ್ತಿ ಇಲ್ಲ, ನಿದ್ದೆ ಕೆಟ್ಟಿದೆ, ನಾನು ಯಾವುದಕ್ಕೂ ಬಾರದವನು ಅನ್ನಿಸುತ್ತಿದೆ. ಹೀಗೆ 2 ವಾರ ದಾಟಿದರೆ ಡಾಕ್ಟರನ್ನು ನೋಡಿ. ಸುಮ್ನೆ ಮನಸ್ಸು ಗಟ್ಟಿ ಮಾಡಿಕೋ ಅನ್ನುವವರ ಮಾತು ಕೇಳಬೇಡಿ.

ಮಾತ್ರೆ ಕೊಟ್ಟರೆ ಪೂರ್ತಿ ಪರಿಣಾಮಕ್ಕೆ ಕೆಲವು ವಾರ ಬೇಕು. ಮೊದಲ ವಾರದಲ್ಲೇ ಬೇಸತ್ತು ಜನ ಬಿಟ್ಟುಬಿಡುತ್ತಾರೆ. ಹಾಗೆ ಮಾಡಬೇಡಿ, ಡಾಕ್ಟರನ್ನು ಕೇಳದೆ ನಿಲ್ಲಿಸಲೇಬೇಡಿ.

ಉತ್ಸಾಹ ಬಂದ ಮೇಲೆ ಏನಾದರೂ ಮಾಡೋಣ ಅಂತ ಕಾಯುತ್ತೇವೆ, ಅಲ್ವಾ? ಖಿನ್ನತೆಯಲ್ಲಿ ಅದು ತಿರುಗುಮುರುಗು. ಮೊದಲು ಮಾಡಬೇಕು, ಉತ್ಸಾಹ ಆಮೇಲೆ ಬರುತ್ತದೆ. ಹತ್ತು ನಿಮಿಷ ನಡೆದರೂ ಸಾಕು. ಒಬ್ಬ ಗೆಳೆಯನಿಗೆ ಫೋನ್ ಮಾಡಿ. ಬೆಳಗ್ಗೆ ಒಂದೇ ಹೊತ್ತಿಗೆ ಏಳಿ.

ಆಫೀಸಿನಲ್ಲಿ ಕಾಯಿಲೆಯ ಹೆಸರು ಹೇಳಲೇಬೇಕಿಲ್ಲ. ಆರೋಗ್ಯ ಸರಿಯಿಲ್ಲ, ಈ ಎರಡು ಕೆಲಸಗಳಲ್ಲಿ ಯಾವುದನ್ನು ಮೊದಲು ಮುಗಿಸಲಿ ಅಂತ ಕೇಳಿ. ಮನಸ್ಸು ಕುಗ್ಗಿರುವಾಗ ಆವೇಶದಲ್ಲಿ ರಾಜೀನಾಮೆ ಬೇಡ. ಆದರೆ ಬೇರೆ ಕೆಲಸ ಹುಡುಕಲು ಶುರು ಮಾಡಿ. ಹೊರಗೆ ದಾರಿ ಇದೆ ಅಂತ ಗೊತ್ತಾದರೇ ಎಷ್ಟೋ ಹಗುರ.

ಸಾಯಬೇಕು ಅನ್ನಿಸಿದರೆ ಒಬ್ಬರೇ ಇರಬೇಡಿ. ಹತ್ತಿರದವರಿಗೆ ಆಗಲೇ ಹೇಳಿ, ಆಸ್ಪತ್ರೆಗೆ ಹೋಗಿ.