ಮಾತಿಗೆ 16 ಗಂಟೆ, ಕಾನೂನಿಗೆ ಎರಡೇ ದಿನ

ಪ್ರಿಯ ಓದುಗರೇ,

ನಿಮ್ಮ ಪತ್ರ ಉದ್ದವಾಗಿದೆ, ಸಿಟ್ಟಿನಿಂದಲೂ ಕೂಡಿದೆ. ಪೂರ್ತಿ ಅಚ್ಚು ಹಾಕಲು ಜಾಗವಿಲ್ಲ. ಉಳಿದ ಓದುಗರಿಗೆ ಗೊತ್ತಾಗಲಿ ಅಂತ ಅದರ ಸಾರವನ್ನು ಹೇಳಿಬಿಡುತ್ತೇನೆ. ಪಹಲ್ಗಾಮ್ ದಾಳಿ ಮತ್ತು ಆಪರೇಷನ್ ಸಿಂಧೂರದ ಬಗ್ಗೆ 2025ರ ಜುಲೈ ಕೊನೆಯಲ್ಲಿ ಸಂಸತ್ತಿನಲ್ಲಿ ನಡೆದ ಚರ್ಚೆಯನ್ನು ನೀವು ಟಿವಿಯಲ್ಲಿ ನೋಡಿದ್ದೀರಿ. ಒಂದೊಂದು ಸದನಕ್ಕೂ 16 ಗಂಟೆ ಮೀಸಲಿಟ್ಟಿದ್ದರು. ಅಷ್ಟು ನೋಡಿದ ಮೇಲೆ ನಿಮಗೆ ಅನ್ನಿಸಿದ್ದು ಇದು: ಊರು ಕೊಳ್ಳೆ ಹೊಡೆದ ಮೇಲೆ ಕೋಟೆ ಬಾಗಿಲು ಹಾಕಿದ ಹಾಗಾಯಿತು. ಇಂಥ ವಿಷಯ ಸೇನೆಗೆ ಬಿಟ್ಟಿದ್ದು. ಸದನದಲ್ಲಿ ಮಾತಾಡಿದರೆ ಗುಟ್ಟು ಹೊರಬೀಳುತ್ತದೆ, ಯೋಧರ ಮನೋಬಲ ಕುಗ್ಗುತ್ತದೆ. ಹೀಗಿರುವಾಗ ‘ಇನ್ನೂ ಚರ್ಚೆ ಬೇಕು’ ಅಂತ ನಿಮ್ಮ ಪತ್ರಿಕೆ ಯಾಕೆ ಬರೆಯುತ್ತದೆ? ಕೊನೆಗೆ, ಹಳೆಯ ಚರ್ಚೆಗಳನ್ನು ಓದಬೇಕೆಂದರೆ ಎಲ್ಲಿ ಸಿಗುತ್ತವೆ ಎಂದೂ ಕೇಳಿದ್ದೀರಿ. ಇಷ್ಟೆಲ್ಲ ಬೈದ ಮೇಲೂ ಓದುವ ಆಸೆ ಉಳಿದಿದೆ ಅಂದರೆ ನನಗೆ ಖುಷಿ.

ಮೊದಲು ಮನೋಬಲದ ಮಾತು. 1962ರ ಅಕ್ಟೋಬರ್ 20ರಂದು ಚೀನಾ ದಾಳಿ ಶುರುವಾಯಿತು. ಆಗ ರಾಜ್ಯಸಭೆಯಲ್ಲಿದ್ದ, ಇನ್ನೂ ನಲವತ್ತು ದಾಟದ ಅಟಲ್ ಬಿಹಾರಿ ವಾಜಪೇಯಿ ‘ಕೂಡಲೇ ಸಂಸತ್ತು ಕರೆಯಿರಿ’ ಎಂದು ಒತ್ತಾಯಿಸಿದರು. ನವೆಂಬರ್ 8ರಂದು ಅಧಿವೇಶನ ಸೇರಿತು. ಯುದ್ಧ ಇನ್ನೂ ಮುಗಿದಿರಲಿಲ್ಲ. ಗುಪ್ತವಾಗಿ ಸೇರೋಣ ಎಂಬ ಸಲಹೆಯೂ ಬಂದಿತ್ತು. ಪ್ರಧಾನಿ ನೆಹರೂ ಒಪ್ಪಲಿಲ್ಲ, ಚರ್ಚೆ ಬಹಿರಂಗವಾಗಿಯೇ ನಡೆಯಿತು. ಲೋಕಸಭೆಯಲ್ಲಿ 165 ಸದಸ್ಯರು ಮಾತಾಡಿದರು. ಸರ್ಕಾರವನ್ನು ವಿರೋಧ ಪಕ್ಷದವರಷ್ಟೇ ಅಲ್ಲ, ಸ್ವಂತ ಪಕ್ಷದವರೂ ತರಾಟೆಗೆ ತೆಗೆದುಕೊಂಡರು. ರಕ್ಷಣಾ ಖಾತೆ ನೋಡುತ್ತಿದ್ದ ಕೃಷ್ಣ ಮೆನನ್ ಅಷ್ಟರಲ್ಲಾಗಲೇ ಸಂಪುಟ ಬಿಟ್ಟು ಹೊರಬಿದ್ದಿದ್ದರು. ಆ ಯುದ್ಧದಲ್ಲಿ ನಾವು ಸೋತೆವು, ನಿಜ. ಆದರೆ ಸೋತಿದ್ದು ಸಂಸದರು ಬಾಯಿಬಿಟ್ಟರು ಅಂತಲ್ಲ. ಬೂಟು, ಬಂದೂಕು, ರಸ್ತೆ ಯಾವುದೂ ಸರಿಯಾಗಿರಲಿಲ್ಲ. ಅದನ್ನು ಕೇಳಬೇಕಾದವರು ಮೊದಲೇ ಗಟ್ಟಿಯಾಗಿ ಕೇಳಿರಲಿಲ್ಲ.

ಗುಟ್ಟಿನ ವಿಷಯಕ್ಕೂ ದಾರಿ ಇದೆ. 1999ರ ಕಾರ್ಗಿಲ್ ಯುದ್ಧ ಮುಗಿದ ಕೆಲವೇ ದಿನಗಳಲ್ಲಿ ರಕ್ಷಣಾ ತಜ್ಞ ಕೆ. ಸುಬ್ರಹ್ಮಣ್ಯಂ ಅಧ್ಯಕ್ಷತೆಯಲ್ಲಿ ಸರ್ಕಾರವೇ ಒಂದು ಪರಿಶೀಲನಾ ಸಮಿತಿ ಮಾಡಿತು. 2000ದ ಫೆಬ್ರುವರಿಯಲ್ಲಿ ಅದರ ವರದಿ ಸಂಸತ್ತಿನ ಮುಂದೆ ಬಂತು. ಹೊರಗೆ ಗೊತ್ತಾಗಬಾರದ ಭಾಗಗಳನ್ನು ತೆಗೆದು ಉಳಿದದ್ದನ್ನು ಜನರ ಕೈಗೆ ಕೊಟ್ಟರು. ಗುಪ್ತಚರ ವ್ಯವಸ್ಥೆ ಎಲ್ಲಿ ಎಡವಿತು ಎಂದು ಅದರಲ್ಲಿ ಸಾಕಷ್ಟು ನೇರವಾಗಿಯೇ ಬರೆದಿದ್ದರು. ಅದರಿಂದ ಶತ್ರುವಿಗೇನೂ ಲಾಭವಾಗಲಿಲ್ಲ. ಬದಲಿಗೆ ಬೇರೆ ಬೇರೆ ಗುಪ್ತಚರ ಸಂಸ್ಥೆಗಳ ಮಾಹಿತಿ ಒಂದೇ ಕಡೆ ಸೇರುವ ವ್ಯವಸ್ಥೆ ಬಂತು, ಸೇನೆಯ ಮೂರೂ ವಿಭಾಗಗಳಿಗೆ ಸೇರಿ ಒಂದು ಗುಪ್ತಚರ ಸಂಸ್ಥೆ ಹುಟ್ಟಿತು. ಮೂರೂ ಪಡೆಗಳಿಗೆ ಒಬ್ಬ ಮುಖ್ಯಸ್ಥರಿರಲಿ ಎಂಬ ಮಾತೂ ಅದರ ಬೆನ್ನಿಗೇ ಎದ್ದಿತು. ಅದು ಜಾರಿಗೆ ಬರಲು ಮಾತ್ರ 2020 ಆಯಿತು. ನಮ್ಮಲ್ಲಿ ಕೆಲಸ ಆಗುವ ಸ್ಪೀಡು ನಿಮಗೆ ಗೊತ್ತೇ ಇದೆ.

ಇಷ್ಟಾದರೂ ನಿಮ್ಮ ಸಿಟ್ಟಿನಲ್ಲಿ ಅರ್ಧದಷ್ಟು ನ್ಯಾಯವಿದೆ ಅಂತ ನಾನು ಒಪ್ಪುತ್ತೇನೆ. ಜುಲೈ ಚರ್ಚೆಯಲ್ಲಿ ಒಳ್ಳೆಯ ಪ್ರಶ್ನೆಗಳಿದ್ದವು. ಪಹಲ್ಗಾಮ್ ದಾಳಿ ನಡೆದ ಬೈಸರನ್ ಹುಲ್ಲುಗಾವಲಿಗೆ ಉಗ್ರರು ಬಂದದ್ದು ಹೇಗೆ ಎಂದು ಲೋಕಸಭೆಯಲ್ಲಿ ಕಾಂಗ್ರೆಸ್ಸಿನ ಗೌರವ್ ಗೊಗೊಯಿ ಕೇಳಿದರು. ಅಷ್ಟು ಪ್ರವಾಸಿಗರಿದ್ದ ಜಾಗದಲ್ಲಿ ಕಾವಲು ಯಾಕಿರಲಿಲ್ಲ ಎಂಬ ಪ್ರಶ್ನೆಯೂ ಎದ್ದಿತು. ಆ ದಾಳಿಯ ಮೂವರು ಉಗ್ರರನ್ನು ಭದ್ರತಾ ಪಡೆಗಳು ಶ್ರೀನಗರದ ಹತ್ತಿರ ಕೊಂದಿದ್ದನ್ನು ಗೃಹ ಸಚಿವ ಅಮಿತ್ ಶಾ ಅಲ್ಲೇ ಸದನಕ್ಕೆ ತಿಳಿಸಿದರು. ಅದು ದೊಡ್ಡ ಸುದ್ದಿ. ಆದರೆ ಉಳಿದ ಹೊತ್ತಿನ ಬಹುಪಾಲು ಎಲ್ಲಿಗೆ ಹೋಯಿತು? ನೆಹರೂ ಏನು ಮಾಡಿದರು, ಇಂದಿರಾ ಏನು ಬಿಟ್ಟುಕೊಟ್ಟರು, ಯಾರ ಕಾಲದಲ್ಲಿ ಎಷ್ಟು ಬಾಂಬ್ ಸಿಡಿದವು. ಎರಡೂ ಕಡೆಯವರು ಮಾತಾಡಿದ್ದು ಎದುರಿಗಿದ್ದವರ ಜೊತೆಗಲ್ಲ, ಸಂಜೆ ಮೊಬೈಲಿನಲ್ಲಿ ಓಡಾಡುವ ತುಣುಕು ವಿಡಿಯೊಗಾಗಿ. ನೀವು ನೋಡಿ ಬೇಸತ್ತಿದ್ದು ಅದನ್ನೇ.

ಹಾಗಂತ ಚರ್ಚೆಯೇ ಬೇಡ ಅನ್ನುವುದಕ್ಕೆ ನಾನು ತಯಾರಿಲ್ಲ. ನನ್ನ ದೂರು ಬೇರೆ. ಘಟನೆಯ ಬಗ್ಗೆ ನಾವು ಗಂಟೆಗಟ್ಟಲೆ ಮಾತಾಡುತ್ತೇವೆ, ಘಟನೆಯ ನೆಪದಲ್ಲಿ ಬರುವ ಕಾನೂನಿನ ಬಗ್ಗೆ ಮಾತಾಡುವುದೇ ಇಲ್ಲ. ಮುಂಬೈ ಮೇಲೆ 2008ರ ನವೆಂಬರ್ 26ರಂದು ದಾಳಿಯಾಯಿತು, 166 ಜನ ಸತ್ತರು. ಡಿಸೆಂಬರ್ 11ರಂದು ಲೋಕಸಭೆ ದಾಳಿಯ ಬಗ್ಗೆ ದಿನವಿಡೀ ಚರ್ಚಿಸಿತು. 16ರಂದು ಎರಡು ಮಸೂದೆ ಬಂದವು. ಒಂದು ರಾಷ್ಟ್ರೀಯ ತನಿಖಾ ದಳ, ಅಂದರೆ ಎನ್‌ಐಎ ಹುಟ್ಟುಹಾಕಲು. ಇನ್ನೊಂದು ಕಾನೂನುಬಾಹಿರ ಚಟುವಟಿಕೆ ತಡೆ ಕಾಯ್ದೆ, ಅಂದರೆ ಯುಎಪಿಎಯನ್ನು ಬಿಗಿ ಮಾಡಲು. 17ರಂದು ಲೋಕಸಭೆ ಒಪ್ಪಿತು, 18ರಂದು ರಾಜ್ಯಸಭೆ ಒಪ್ಪಿತು. ಮಸೂದೆಗಳನ್ನು ಪರಿಶೀಲಿಸುವ ಸಂಸದರ ಯಾವ ಸ್ಥಾಯಿ ಸಮಿತಿಯೂ ಕೂತು ಸಾಲು ಸಾಲಾಗಿ ಓದಲಿಲ್ಲ. ಇಂದಿಗೂ ಯುಎಪಿಎ ಆರೋಪಿಗೆ ಜಾಮೀನು ಸಿಗುವುದು ಕಷ್ಟ ಅನ್ನುತ್ತಾರಲ್ಲ, ಆ ಷರತ್ತು ಸೇರಿದ್ದು ಆ ಎರಡು ದಿನಗಳಲ್ಲಿ. ಆರೋಪಪಟ್ಟಿ ಸಲ್ಲಿಸದೆ 180 ದಿನಗಳವರೆಗೆ ಬಂಧನದಲ್ಲಿ ಇಡಬಹುದು ಎಂಬುದೂ ಅಷ್ಟೇ.

ಇನ್ನು ನಾನು ಹೆಚ್ಚು ಹೊತ್ತು ನಿಲ್ಲಬೇಕಾದ ಜಾಗಕ್ಕೆ ಬರುತ್ತೇನೆ. 1985ರ ಮೇ ತಿಂಗಳಲ್ಲಿ ದೆಹಲಿಯಲ್ಲಿ ಟ್ರಾನ್ಸಿಸ್ಟರ್ ರೇಡಿಯೊಗಳಲ್ಲಿ ಬಾಂಬ್ ಇಟ್ಟು ಸಿಡಿಸಿದರು. ಅದೇ ತಿಂಗಳು ಭಯೋತ್ಪಾದನೆ ತಡೆಯಲೆಂದು ಟಾಡಾ ಕಾಯ್ದೆ ಬಂತು. ಬಹಳ ಕಠಿಣ ಕಾನೂನು. ಪೊಲೀಸ್ ಅಧಿಕಾರಿಯ ಮುಂದೆ ಕೊಟ್ಟ ತಪ್ಪೊಪ್ಪಿಗೆಯನ್ನು ಕೋರ್ಟು ಸಾಕ್ಷಿ ಅಂತ ಒಪ್ಪಬಹುದು ಎಂಬ ವ್ಯವಸ್ಥೆ ಮುಂದೆ ಅದರಲ್ಲಿ ಬಂತು. ಆದರೆ ಅದಕ್ಕೊಂದು ವಾಯಿದೆ ಇತ್ತು: ಎರಡು ವರ್ಷ. ಮುಗಿದ ಮೇಲೆ ಸರ್ಕಾರ ಮತ್ತೆ ಸಂಸತ್ತಿಗೆ ಬಂದು ‘ಇನ್ನೂ ಬೇಕು’ ಎಂದು ಕೇಳಲೇಬೇಕು. 1987, 1989, 1991, 1993ರಲ್ಲಿ ಹಾಗೆ ಬಂದು ಕೇಳಿತು, ಸಂಸತ್ತು ಕೊಟ್ಟಿತು. ಅಷ್ಟರಲ್ಲಿ ಲೆಕ್ಕ ಹೊರಬರತೊಡಗಿತು. 76 ಸಾವಿರಕ್ಕೂ ಹೆಚ್ಚು ಜನರನ್ನು ಬಂಧಿಸಿದ್ದರು. ಶಿಕ್ಷೆಯಾದವರು ನೂರಕ್ಕೆ ಇಬ್ಬರೂ ಇರಲಿಲ್ಲ. ಪಂಜಾಬಿನ ಭಯೋತ್ಪಾದನೆ ತಡೆಯಲು ಬಂದ ಕಾನೂನು ಗುಜರಾತಿನಲ್ಲಿ ಸಾವಿರಾರು ಜನರ ಮೇಲೆ ಬಿದ್ದಿತ್ತು. 1995ರಲ್ಲಿ ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗದ ಅಧ್ಯಕ್ಷರಾಗಿದ್ದ ನ್ಯಾಯಮೂರ್ತಿ ರಂಗನಾಥ ಮಿಶ್ರಾ ‘ಇನ್ನು ಮುಂದುವರಿಸಬೇಡಿ’ ಎಂದು ಸಂಸದರಿಗೇ ಪತ್ರ ಬರೆದರು. ಆ ವರ್ಷದ ಮೇ ತಿಂಗಳಲ್ಲಿ ಟಾಡಾ ತಾನಾಗಿಯೇ ಸತ್ತಿತು. ಯಾರೂ ರದ್ದು ಮಾಡಬೇಕಾಗಲಿಲ್ಲ. ವಾಯಿದೆ ಮುಗಿಯಿತು, ಅಷ್ಟೇ.

ಟಾಡಾ ಹೋದ ಮೇಲೆ ಬಂದ ಭಯೋತ್ಪಾದನೆ ತಡೆ ಕಾಯ್ದೆ ಪೋಟಾಗೂ ವಾಯಿದೆ ಇತ್ತು, ಮೂರು ವರ್ಷದ್ದು. 2001ರಲ್ಲಿ ಸುಗ್ರೀವಾಜ್ಞೆಯಾಗಿ ಬಂತು. ಡಿಸೆಂಬರ್ 13ರಂದು ಸಂಸತ್ ಭವನದ ಮೇಲೆಯೇ ದಾಳಿಯಾಯಿತು. ಆದರೂ ನೋಡಿ, 2002ರ ಮಾರ್ಚಿನಲ್ಲಿ ರಾಜ್ಯಸಭೆ ಆ ಮಸೂದೆಯನ್ನು ತಿರಸ್ಕರಿಸಿತು! ಉಗ್ರರು ಬಾಗಿಲಿಗೆ ಬಂದುಹೋಗಿ ಬರೀ ಮೂರು ತಿಂಗಳಾಗಿತ್ತು. ಸರ್ಕಾರ ಎರಡೂ ಸದನಗಳ ಜಂಟಿ ಅಧಿವೇಶನ ಕರೆಯಬೇಕಾಯಿತು. ಸ್ವತಂತ್ರ ಭಾರತದಲ್ಲಿ ಒಂದು ಮಸೂದೆಗಾಗಿ ಹಾಗೆ ಸೇರಿದ್ದು ಮೂರೇ ಸಲ: 1961ರ ವರದಕ್ಷಿಣೆ ನಿಷೇಧ, 1978ರ ಬ್ಯಾಂಕಿಂಗ್ ಸೇವಾ ಆಯೋಗದ ರದ್ದತಿ, ಆಮೇಲೆ ಇದು. ಮಾರ್ಚ್ 26ರಂದು ಇಡೀ ದಿನ ವಾದ ನಡೆಯಿತು. ಕೊನೆಗೆ 425 ಮತ ಪರ, 296 ವಿರುದ್ಧ. ವಿರೋಧಿಸಿದವರನ್ನೆಲ್ಲ ದೇಶದ್ರೋಹಿ ಅನ್ನಲು ಸಾಧ್ಯವೇ? ಆ 296 ಜನರಲ್ಲಿ ಹಲವರು ಡಿಸೆಂಬರ್ 13ರಂದು ಗುಂಡಿನ ಸದ್ದನ್ನು ಕಿವಿಯಾರೆ ಕೇಳಿದವರು.

2004ರಲ್ಲಿ ಸರ್ಕಾರ ಬದಲಾಯಿತು. ಹೊಸ ಸರ್ಕಾರ ಸೆಪ್ಟೆಂಬರಿನಲ್ಲಿ ಪೋಟಾ ರದ್ದು ಮಾಡಿತು. ಚಪ್ಪಾಳೆ ಬಿತ್ತು. ಆದರೆ ಅದೇ ಹೊತ್ತಿಗೆ ಪೋಟಾದ ಹಲವು ಭಾಗಗಳನ್ನು 1967ರ ಹಳೆಯ ಯುಎಪಿಎಗೆ ಸಾಗಿಸಿತು. ಪೊಲೀಸರ ಮುಂದಿನ ತಪ್ಪೊಪ್ಪಿಗೆಯ ವಿಷಯ ಬಿಟ್ಟರು, ಅದು ಒಳ್ಳೆಯದೇ. ಜೊತೆಗೆ ಇನ್ನೊಂದನ್ನೂ ಬಿಟ್ಟರು: ವಾಯಿದೆ. ಯುಎಪಿಎ ಕಾಯಂ ಕಾನೂನು. ಅದಕ್ಕೆ ಮುಗಿಯುವ ತಾರೀಕು ಇಲ್ಲ. ಹಾಗಾಗಿ ‘ಇಷ್ಟು ಜನರನ್ನು ಹಿಡಿದೆವು, ಇಷ್ಟು ಜನರ ಮೇಲೆ ಆರೋಪ ಸಾಬೀತಾಯಿತು, ಇನ್ನೂ ಈ ಕಾನೂನು ಬೇಕು’ ಎಂದು ಯಾವ ಗೃಹ ಸಚಿವರೂ ಸದನದಲ್ಲಿ ಎದ್ದು ಒಪ್ಪಿಗೆ ಕೇಳಬೇಕಾಗಿಲ್ಲ. ಸಂಸತ್ತಿನ ಕೈಯಲ್ಲಿದ್ದ ಬಹಳ ಸರಳವಾದ ಹಿಡಿತ ಹಾಗೆ ಕಳಚಿಕೊಂಡಿತು. ಇದನ್ನು ಮಾಡಿದ್ದು ಪೋಟಾ ವಿರೋಧಿಸಿದ್ದವರೇ ಎಂಬುದು ನನಗೆ ಇವತ್ತಿಗೂ ನುಂಗಲಾಗದ ವಿಷಯ.

2019ರಲ್ಲಿ ಇದೇ ಕಾನೂನಿಗೆ ಮತ್ತೆ ತಿದ್ದುಪಡಿ ಬಂತು. ಸಂಘಟನೆಯನ್ನಷ್ಟೇ ಅಲ್ಲ, ಒಬ್ಬ ವ್ಯಕ್ತಿಯನ್ನೂ ಸರ್ಕಾರ ಭಯೋತ್ಪಾದಕ ಎಂದು ಘೋಷಿಸಬಹುದು. ಪರಿಶೀಲನೆಗೆ ಸಂಸದರ ಆಯ್ಕೆ ಸಮಿತಿಗೆ ಕಳಿಸಿ ಎಂದು ರಾಜ್ಯಸಭೆಯಲ್ಲಿ ವಿರೋಧ ಪಕ್ಷದವರು ಕೇಳಿದರು, ಆಗಲಿಲ್ಲ. 147 ಮತ ಪರ, 42 ವಿರುದ್ಧ. ಆ ಅಂಶಕ್ಕೆ ಆಕ್ಷೇಪ ಎತ್ತಿದವರಲ್ಲಿ ಪಿ. ಚಿದಂಬರಂ ಒಬ್ಬರು. 2008ರಲ್ಲಿ ಗೃಹ ಸಚಿವರಾಗಿ ಎರಡು ದಿನಗಳಲ್ಲಿ ಕಾನೂನು ಪಾಸು ಮಾಡಿಸಿದ್ದೂ ಅವರೇ. ಕುರ್ಚಿ ಬದಲಾದರೆ ಕಣ್ಣೂ ಬದಲಾಗುತ್ತದೆ ಅಲ್ವಾ?

2023ರ ಡಿಸೆಂಬರ್ ಕಥೆ ಇನ್ನೂ ವಿಚಿತ್ರ. 2001ರ ಸಂಸತ್ ದಾಳಿಯ ವಾರ್ಷಿಕ ದಿನವೇ ಇಬ್ಬರು ಲೋಕಸಭೆಯೊಳಗೆ ಜಿಗಿದು ಹೊಗೆ ಬಿಟ್ಟರು. ಗೃಹ ಸಚಿವರು ಸದನದಲ್ಲಿ ಹೇಳಿಕೆ ಕೊಡಲಿ ಎಂದು ಪ್ರತಿಪಕ್ಷ ಹಟ ಹಿಡಿಯಿತು, ಗದ್ದಲವಾಯಿತು. ಆ ಅಧಿವೇಶನದಲ್ಲಿ ಎರಡೂ ಸದನ ಸೇರಿ 146 ಸಂಸದರು ಅಮಾನತಾದರು. ಆ ಖಾಲಿ ಕುರ್ಚಿಗಳ ಮುಂದೆಯೇ, ಹಳೆಯ ಐಪಿಸಿ ಬದಲಿಗೆ ಬಂದ ಭಾರತೀಯ ನ್ಯಾಯ ಸಂಹಿತೆ ಪಾಸಾಯಿತು. ಮಸೂದೆ ಅದಕ್ಕೆ ಮುಂಚೆ ಸ್ಥಾಯಿ ಸಮಿತಿಗೆ ಹೋಗಿ ಬಂದಿತ್ತು, ಅದನ್ನೂ ಹೇಳಬೇಕು. ಅದರ 113ನೇ ಸೆಕ್ಷನ್ ಭಯೋತ್ಪಾದನೆಯನ್ನು ಮೊದಲ ಸಲ ಸಾಮಾನ್ಯ ಅಪರಾಧ ಕಾನೂನಿಗೆ ತಂದಿದೆ. ಈಗ ಒಂದೇ ಕೃತ್ಯಕ್ಕೆ ಎರಡು ಕಾನೂನು. ಯುಎಪಿಎ ಹಾಕಿದರೆ ವಿಚಾರಣೆಗೆ ಸರ್ಕಾರದ ಅನುಮತಿ ಬೇಕು, ಜಾಮೀನು ಕಷ್ಟ. ಸಂಹಿತೆಯ ಸೆಕ್ಷನ್ ಹಾಕಿದರೆ ಆ ಅನುಮತಿಯೂ ಬೇಡ, ಜಾಮೀನಿನ ಆ ವಿಶೇಷ ಅಡ್ಡಿಯೂ ಇಲ್ಲ. ಯಾವುದನ್ನು ಹಾಕಬೇಕು ಎಂದು ತೀರ್ಮಾನಿಸುವವರು ಎಸ್‌ಪಿ ದರ್ಜೆಗೆ ಕಡಿಮೆಯಿಲ್ಲದ ಪೊಲೀಸ್ ಅಧಿಕಾರಿ. ಯಾವ ಆಧಾರದ ಮೇಲೆ ಅಂತ ಕಾನೂನು ಹೇಳುವುದಿಲ್ಲ. ಸದನ ತುಂಬಿದ್ದರೆ ಯಾರಾದರೂ ಒಬ್ಬರು ಎದ್ದು ಅದನ್ನು ಕೆದಕುತ್ತಿದ್ದರು ಅಂತ ನನ್ನ ನಂಬಿಕೆ. ಇಂಥ ಪ್ರಶ್ನೆಯಿಂದ ಯಾವ ಯೋಧನ ಮನೋಬಲ ಕುಗ್ಗುತ್ತದೆ, ಹೇಳಿ.

ರಾಜ್ಯಗಳ ಮಾತೂ ಇದೆ. ಪೊಲೀಸ್ ಇಲಾಖೆ ಸಂವಿಧಾನದ ಪ್ರಕಾರ ರಾಜ್ಯಗಳದ್ದು. 2012ರಲ್ಲಿ ಕೇಂದ್ರ ಒಂದು ಆದೇಶದ ಮೂಲಕ ಭಯೋತ್ಪಾದನೆ ನಿಗ್ರಹ ಕೇಂದ್ರ ತೆರೆಯಲು ಹೊರಟಿತು. ಬಂಧಿಸುವ ಅಧಿಕಾರವನ್ನೂ ಕೊಟ್ಟಿತ್ತು. ಮುಖ್ಯಮಂತ್ರಿಗಳು ಒಟ್ಟಾಗಿ ಎದ್ದರು, ಅದು ಅಲ್ಲಿಗೇ ನಿಂತಿತು. ಸಂಸತ್ತಿನಲ್ಲಿ ಮೊದಲೇ ಕೂತು ಮಾತಾಡಿದ್ದರೆ ಅಷ್ಟು ರಾದ್ಧಾಂತ ಬೇಕಿರಲಿಲ್ಲ.

ಹಾಗಾಗಿ ನಮ್ಮ ಪತ್ರಿಕೆ ಕೇಳುತ್ತಿರುವುದು ಇನ್ನೊಂದು 16 ಗಂಟೆಯ ಭಾಷಣವಲ್ಲ. ಯುಎಪಿಎಗೆ ಒಂದು ವಾಯಿದೆ ಹಾಕಿ, ಐದು ವರ್ಷವಾದರೂ ಸರಿ. ಮುಗಿದಾಗ ಲೆಕ್ಕ ತನ್ನಿ, ಮತ್ತೆ ಮತ ಕೇಳಿ. ಪಹಲ್ಗಾಮಿನಂಥ ದಾಳಿಯಾದರೆ ಕಾರ್ಗಿಲ್ ಆದಮೇಲೆ ಮಾಡಿದ ಹಾಗೆ ಒಂದು ಸಮಿತಿ ಮಾಡಿ, ವರದಿಯನ್ನು ಸದನದ ಮುಂದಿಡಿ. ಗುಟ್ಟಿನ ಪುಟಗಳನ್ನು ಬೇಕಾದರೆ ತೆಗೆಯಿರಿ. ಇದಕ್ಕೆ ನಿಮ್ಮ ತಕರಾರು ಇರಲಾರದು ಎಂದುಕೊಂಡಿದ್ದೇನೆ. ಇದ್ದರೆ ಬರೆಯಿರಿ, ಈ ಸಲ ಪೂರ್ತಿ ಹಾಕುತ್ತೇವೆ.

ಹಳೆಯ ಚರ್ಚೆಗಳು ಸಂಸತ್ತಿನ ಡಿಜಿಟಲ್ ಲೈಬ್ರರಿಯಲ್ಲಿ ಸಿಗುತ್ತವೆ, ದುಡ್ಡು ಕೊಡಬೇಕಿಲ್ಲ. ತಾರೀಕು ಗೊತ್ತಿದ್ದರೆ ಹುಡುಕುವುದು ಸುಲಭ. ಭಾಷಣಗಳು ಹೆಚ್ಚಾಗಿ ಹಿಂದಿ, ಇಂಗ್ಲಿಷಿನಲ್ಲಿವೆ, ಅದೊಂದು ತೊಡಕು. 2002ರ ಮಾರ್ಚ್ 26ರಿಂದ ಶುರು ಮಾಡಿ. ಮಸೂದೆ ಮಂಡಿಸಿದ ಎಲ್.ಕೆ. ಅಡ್ವಾಣಿ, ವಿರೋಧಿಸಿದ ಸೋನಿಯಾ ಗಾಂಧಿ, ಉತ್ತರ ಕೊಟ್ಟ ವಾಜಪೇಯಿ, ಮೂವರ ಮಾತನ್ನೂ ಓದಿ. ಆಮೇಲೆ 2008ರ ಡಿಸೆಂಬರ್ 17. ಎರಡನ್ನೂ ಪಕ್ಕಪಕ್ಕ ಇಟ್ಟುಕೊಂಡರೆ ನಾನು ಇಲ್ಲಿ ಹೇಳಿದ್ದು ಸರಿಯೋ ಅಲ್ಲವೋ ನೀವೇ ನೋಡಬಹುದು.

— ಸಂಪಾದಕ